ದೀಪ ಇಲ್ಲದ ಊರು, ಪೋಸ್ಟ್ ಇಲ್ಲದ ಊರು

ಇವತ್ತಿನ ಸಂಚಿಕೆಗೆ ಒಂದು ಹಳೆ ಲಗ್ನಪತ್ರಿಕೆ ಬೇಕು. ಮನೆಯ ಟ್ರಂಕಿನಲ್ಲೋ, ದೇವರ ಫೋಟೋ ಹಿಂದೆಯೋ ಒಂದು ಸಿಕ್ಕೇ ಸಿಗ್ತದೆ. ಅದರ ವಿಳಾಸದ ಸಾಲು ನೋಡ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯ ತುಂಬಾ ಪತ್ರಿಕೆಗಳಲ್ಲಿ ಊರ ಹೆಸರಿನ ಹಿಂದೆ "ಮು. ಪೋ." ಅಂತ ಎರಡು ಅಕ್ಷರ ಇರ್ತವೆ. ಮುಕ್ಕಾಂ ಪೋಸ್ಟ್. ಅಂದ್ರೆ ನಾವಿರೋ ಊರೂ ಇದೇ, ನಮಗೆ ಟಪಾಲು ಬರೋ ಊರೂ ಇದೇ.

ಕೆಲವು ಪತ್ರಿಕೆಗಳಲ್ಲಿ ಆ ಎರಡಕ್ಷರ ಬೇರೆ ಬೇರೆ ಆಗಿರ್ತವೆ. "ಮು:" ಅಂತ ಒಂದು ಹೆಸರು, "ಪೋ:" ಅಂತ ಇನ್ನೊಂದು ಹೆಸರು. ಆ ಊರಿಗೆ ಸ್ವಂತ ಪೋಸ್ಟ್ ಆಫೀಸು ಇರಲಿಲ್ಲ, ಪಕ್ಕದ ಊರಿನ ಹೆಸರು ಹೇಳಿಕೊಂಡೇ ಕಾಗದ ಬರಬೇಕಿತ್ತು ಅಂತ ಅರ್ಥ. ಯಾವ ಊರು ಯಾವ ಊರಿನ ನೆರಳಿನಲ್ಲಿ ಬದುಕ್ತಿತ್ತು ಅನ್ನೋದು ಈ ಒಂದು ಸಾಲಿನಲ್ಲೇ ಗೊತ್ತಾಗ್ತದೆ. ಇವತ್ತು ಮಾತಾಡೋದು ಇದರ ಬಗ್ಗೆಯೇ. ಹಳೆ ದಾಖಲೆ ಹಿಡಿದು ನಮ್ಮ ಕಡೆಯ ಮರೆತುಹೋದ ಊರುಗಳನ್ನ, ಅವುಗಳ ಟಪಾಲನ್ನ ಹುಡುಕೋದು ಹೇಗೆ? ಹುಡುಕಿದ್ರೆ ಏನು ಸಿಗ್ತದೆ? ಮುಖ್ಯವಾಗಿ, ಅದರಿಂದ ಯಾರಿಗೆ ಏನು ಉಪಯೋಗ?

ಐದು ತಾಲೂಕು, ಬೇರೆ ಬೇರೆ ಕಪಾಟು

ಮೊದಲ ತೊಡಕು ಇಲ್ಲಿಂದಲೇ ಶುರು. ಇವತ್ತು ಈ ಐದೂ ಬೆಳಗಾವಿ ಜಿಲ್ಲೆಯ ತಾಲೂಕುಗಳು. ಆದ್ರೆ 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬಾಂಬೆ ಪ್ರೆಸಿಡೆನ್ಸಿ ಗೆಜೆಟಿಯರ್‌ನ 21ನೇ ಸಂಪುಟ, ಅಂದ್ರೆ ಬೆಳಗಾವಿ ಸಂಪುಟ ತೆಗೆದ್ರೆ, ಜಿಲ್ಲೆಯಲ್ಲಿ ಇರೋದು ಏಳೇ ತಾಲೂಕು: ಅಥಣಿ, ಬೆಳಗಾವಿ, ಬೀಡಿ, ಚಿಕ್ಕೋಡಿ, ಗೋಕಾಕ, ಪರಸಗಡ, ಸಂಪಗಾಂವ. ರಾಯಬಾಗ ಎಲ್ಲಿ? ಅದು ಆಗ ಕೊಲ್ಲಾಪುರ ಸಂಸ್ಥಾನದಲ್ಲಿತ್ತು. ಅದಕ್ಕೆ 24ನೇ ಸಂಪುಟ, ಕೊಲ್ಲಾಪುರದ್ದು, ತೆಗೆಯಬೇಕು. 1949ರಲ್ಲಿ ಕೊಲ್ಲಾಪುರ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾದ ಮೇಲೇ ರಾಯಬಾಗ ಬೆಳಗಾವಿ ಜಿಲ್ಲೆಯ ಲೆಕ್ಕಕ್ಕೆ ಬಂದದ್ದು.

ನಿಪ್ಪಾಣಿಯದು ಇನ್ನೊಂದು ಕಥೆ. ಅಲ್ಲಿ ದೇಸಾಯರ ಜಹಗೀರು ಇತ್ತು. ಸಿದ್ದೋಜಿರಾವ್ ನಿಂಬಾಳ್ಕರ 1839ರಲ್ಲಿ ತೀರಿಕೊಂಡ ಮೇಲೆ ಕಂಪನಿ ಸರ್ಕಾರ ಅದನ್ನ ತನ್ನ ವಶಕ್ಕೆ ತಗೊಂಡ್ತು. ಕಾಗವಾಡದ ಪಕ್ಕದ ಶೇಡಬಾಳ ಪಟವರ್ಧನರ ಜಹಗೀರಾಗಿತ್ತು, ಅದು 1857ರಲ್ಲಿ ಹೋಯ್ತು. ನಿಪ್ಪಾಣಿ, ಕಾಗವಾಡ ಎರಡೂ ಸ್ವಂತ ತಾಲೂಕಾಗಿದ್ದು ತೀರಾ ಇತ್ತೀಚೆಗೆ, 2018ರ ಹೊತ್ತಿಗೆ. ಅಷ್ಟರತನಕ ಒಂದು ಚಿಕ್ಕೋಡಿಯ ಕಡತದಲ್ಲಿ, ಇನ್ನೊಂದು ಅಥಣಿಯ ಕಡತದಲ್ಲಿ.

ಹೀಗಾಗಿ ಒಂದೇ ದಿನ ಬೈಕ್ ಮೇಲೆ ಸುತ್ತಿಬರಬಹುದಾದ ಈ ಊರುಗಳ ಕಾಗದಪತ್ರ ಬೆಳಗಾವಿ, ಧಾರವಾಡ, ಕೊಲ್ಲಾಪುರ, ಪುಣೆ, ಮುಂಬಯಿ, ಬೆಂಗಳೂರು ಅಂತ ಹರಿದು ಹಂಚಿಹೋಗಿದೆ. ಪೇಶ್ವೆ ಕಾಲದ ದಫ್ತರ ಪುಣೆಯಲ್ಲಿದೆ, ಕೊಲ್ಲಾಪುರ ಸಂಸ್ಥಾನದ್ದು ಕೊಲ್ಲಾಪುರದ ಪತ್ರಾಗಾರದಲ್ಲಿದೆ. ಹಳೆಯ ಕಾಗದಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಅದನ್ನ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆ ಆಗ್ತಿದ್ದಾರೆ. 1956ರ ನವೆಂಬರ್ 1ಕ್ಕೆ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಂದ ಮುಂದಿನ ದಾಖಲೆ ಬೆಂಗಳೂರಿನ ಲೆಕ್ಕ.

ಗಡಿ ಜಗಳದ ಸುದ್ದಿ ನಾವೆಲ್ಲ ಕೇಳಿಯೇ ಇದ್ದೀವಿ. 1967ರ ಮಹಾಜನ ವರದಿ ನಿಪ್ಪಾಣಿ, ಖಾನಾಪುರ ಭಾಗ ಸೇರಿ 264 ಊರುಗಳನ್ನ ಮಹಾರಾಷ್ಟ್ರಕ್ಕೆ ಕೊಡಬೇಕು ಅಂತ ಹೇಳಿತ್ತು. ಅದು ಜಾರಿಯಾಗಲಿಲ್ಲ. ಆ ಜಗಳದಲ್ಲಿ ಎರಡೂ ಕಡೆಯವರು ಊರ ಪಟ್ಟಿಗಳನ್ನ ಕನ್ನಡದ್ದೋ ಮರಾಠಿಯದ್ದೋ ಅಂತ ಎಣಿಸೋಕೆ ಓದಿದ್ರು. ನಾವು ಅದೇ ಪಟ್ಟಿಗಳನ್ನ ಇವತ್ತು ಬೇರೆ ಪ್ರಶ್ನೆ ಇಟ್ಟುಕೊಂಡು ಓದೋಣ: ಈ ಊರು ಇದೆಯೋ ಇಲ್ಲವೋ?

ಬೇಚರಾಕ್

ಕಂದಾಯ ಇಲಾಖೆಯ ಪಟ್ಟಿಯಲ್ಲಿ ಕೆಲವು ಊರುಗಳ ಮುಂದೆ "ಬೇಚರಾಕ್" ಅಂತ ಬರೆದಿರ್ತಾರೆ. ಜನ ಇಲ್ಲದ ಊರು. ಈ ಶಬ್ದ ಪಾರ್ಸಿಯ ಬೇ-ಚಿರಾಗ್‌ನಿಂದ ಬಂದದ್ದು. ಚಿರಾಗ್ ಅಂದ್ರೆ ದೀಪ. ಬೇಚಿರಾಗ್ ಅಂದ್ರೆ ದೀಪ ಇಲ್ಲದ್ದು. ಸಂಜೆಗೆ ದೀಪ ಹಚ್ಚೋಕೆ ಒಬ್ಬರೂ ಇಲ್ಲದ ಊರು. ಸರ್ಕಾರಿ ಕಾಗದದಲ್ಲಿ ಇಷ್ಟು ಹೊಟ್ಟೆ ಚುರುಕ್ ಅನ್ನಿಸೋ ಶಬ್ದ ಇನ್ನೊಂದು ಇರಲಿಕ್ಕಿಲ್ಲ.

ಜನ ಹೋದ್ರೂ ಊರಿನ ಸೀಮೆ ಹೋಗೋದಿಲ್ಲ. ಅದರ ಸರ್ವೆ ನಂಬರ್ ಇರ್ತವೆ, ನಕಾಶೆ ಇರ್ತದೆ, ಹೊಲಗಳ ಉತಾರದ ಮೇಲೆ ಗ್ರಾಮದ ಹೆಸರು ಅಂತ ಅದೇ ಇರ್ತದೆ. ಪಕ್ಕದ ಊರಿನವರು ಅಲ್ಲಿ ಬಿತ್ತಿ ಬೆಳೀತಾರೆ. ಕೇಳಿದ್ರೆ "ಅದು ಹಾಳೂರ ಐತ್ರಿ" ಅಂತಾರೆ. ಇಂಥ ಎಷ್ಟೋ ಕಡೆ ಹೊಲದ ನಡುವೆ ಒಂದು ಹಣಮಪ್ಪನ ಗುಡಿ ಮಾತ್ರ ಉಳಿದಿರ್ತದೆ.

ಯಾಕೆ ಖಾಲಿ ಆದವು? ಪ್ರತಿ ಊರಿನ ಕಾರಣ ಬೇರೆ. ಆದ್ರೆ ದೊಡ್ಡ ಲೆಕ್ಕ ಒಂದಿಷ್ಟು ಹೇಳ್ತದೆ. ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1872ರಲ್ಲಿ ಒಂಬತ್ತು ಲಕ್ಷದ ಮೇಲಿತ್ತು. 1881ಕ್ಕೆ ಸುಮಾರು 8.65 ಲಕ್ಷಕ್ಕೆ ಇಳೀತು. ನಡುವೆ ಬಂದದ್ದು 1876-78ರ ಬರ, ಧಾತು-ಈಶ್ವರ ಸಂವತ್ಸರದ ಬರ. ಆಮೇಲೆ ಚೇತರಿಸಿಕೊಂಡು 1891ಕ್ಕೆ 10,13,261 ಆಯ್ತು. 1901ಕ್ಕೆ ಮತ್ತೆ 9,93,976. ಈ ಸಲ ನಡುವೆ ಇದ್ದದ್ದು ಬರದ ಜೊತೆಗೆ ಪ್ಲೇಗ್. ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರ್ತಿದ್ರು. ಆಮೇಲೆ 1918ರ ಇನ್ಫ್ಲುಯೆಂಜಾ. ಇದರ ಜೊತೆ ಕೃಷ್ಣೆ, ದೂಧಗಂಗೆಯ ಪ್ರವಾಹ ಅಂತೂ ಇದ್ದೇ ಇದೆ.

ಆದ್ರೆ ಒಂದು ಎಚ್ಚರಿಕೆ. ಹಾಳೂರು ಕಂಡ ಕೂಡಲೇ ಪ್ಲೇಗಿಗೆ ಹೋಯ್ತು ಅಂತ ಹೇಳಿಬಿಡೋದು ಸುಲಭ, ಆದ್ರೆ ಅದು ಇತಿಹಾಸ ಅಲ್ಲ. ನಾನು ಬಿ.ಕಾಂ ಓದಿದವನು. ನಮಗೆ ಕಲಿಸಿದ್ದು ಒಂದೇ: ಎರಡು ಪುಸ್ತಕ ತಾಳೆ ಹಾಕು. ಇಲ್ಲೂ ಅಷ್ಟೇ. ಒಂದು ಜನಗಣತಿಯ ಊರ ಪಟ್ಟಿಯಲ್ಲಿ ಜನ ಇದ್ದು, ಮುಂದಿನದರಲ್ಲಿ ಇಲ್ಲ ಅಂದ್ರೆ ದೀಪ ಆರಿದ್ದು ಆ ಎರಡರ ನಡುವೆ. ಮೊದಲ ಪಟ್ಟಿಯಲ್ಲೇ ನಿರ್ಜನ ಅಂತಿದ್ರೆ ಆ ಊರು ಅದಕ್ಕೂ ಮುಂಚೆಯೇ ಖಾಲಿಯಾಗಿತ್ತು. ಆಗ ಬ್ರಿಟಿಷ್ ಕಾಲದ ಕಾರಣ ಹುಡುಕಿ ಪ್ರಯೋಜನ ಇಲ್ಲ, ಮೋಡಿ ಕಾಗದಕ್ಕೆ ಹೋಗಬೇಕು.

ಟಪಾಲು ಹೊತ್ತವರು ಯಾರು

ಈಗ ಟಪಾಲಿಗೆ ಬರೋಣ. 1854ರಲ್ಲಿ ದೇಶಕ್ಕೆಲ್ಲ ಒಂದೇ ದರದ ಅಂಚೆಚೀಟಿ ಬಂತು, ಅರ್ಧ ಆಣೆಯದು. 1879ರಲ್ಲಿ ಕಾಲಾಣೆಯ ಪೋಸ್ಟ್ ಕಾರ್ಡ್ ಬಂತು. 1880ರಲ್ಲಿ ಮನಿಯಾರ್ಡರ್, 1882ರಲ್ಲಿ ಪೋಸ್ಟ್ ಆಫೀಸ್ ಸೇವಿಂಗ್ಸ್ ಬ್ಯಾಂಕ್. ಮುಂಬಯಿಗೆ ದುಡಿಯೋಕೆ ಹೋದ ಮಗ, ಪಲ್ಟನ್ನಿಗೆ ಸೇರಿದ ತಮ್ಮ ಊರಿಗೆ ದುಡ್ಡು ಕಳಿಸೋ ದಾರಿ ತೆರೆದದ್ದು ಹೀಗೆ.

ಹಳ್ಳಿಯಲ್ಲಿ ಈ ಪೋಸ್ಟ್ ಆಫೀಸು ಎಲ್ಲಿತ್ತು? ಬಾಂಬೆ ಪ್ರಾಂತ್ಯದ ಗೆಜೆಟಿಯರ್‌ಗಳ ಟಪಾಲಿನ ಭಾಗದಲ್ಲಿ ಒಂದು ಮಾತು ಮತ್ತೆ ಮತ್ತೆ ಬರ್ತದೆ. ಹಳ್ಳಿಯ ಸಾಲಿ ಮಾಸ್ತರೇ ಟಪಾಲು ನೋಡಿಕೊಳ್ತಾನೆ, ಸಂಬಳದ ಜೊತೆ ಅದಕ್ಕೊಂದಿಷ್ಟು ಭತ್ಯೆ. ಆಮೇಲಿನ ಕಾಲದಲ್ಲೂ ಮಾಸ್ತರು, ಕಿರಾಣಿ ಅಂಗಡಿಯವರು ತಮ್ಮ ಮನೆಯ ಪಡಸಾಲೆಯಲ್ಲೇ ಪೋಸ್ಟ್ ನಡೆಸ್ತಿದ್ರು. ಮಾಸ್ತರು ಬದಲಾದ್ರೆ ಪೋಸ್ಟ್ ಆಫೀಸು ಇನ್ನೊಂದು ಓಣಿಗೆ ಹೋಯ್ತು. ಅದಕ್ಕೇ "ಹಳೆ ಪೋಸ್ಟ್ ಆಫೀಸ್ ಕಟ್ಟಡ ತೋರಿಸ್ರಿ" ಅಂದ್ರೆ ಹಳ್ಳಿಯಲ್ಲಿ ಯಾರಿಗೂ ತಿಳಿಯೋದಿಲ್ಲ. ಕಟ್ಟಡ ಇರಲೇ ಇಲ್ಲ. ಇದ್ದದ್ದು ಒಬ್ಬ ಮನುಷ್ಯ, ಒಂದು ಪೆಟ್ಟಿಗೆ, ಒಂದು ಸಿಕ್ಕಾ.

ಮಾಸ್ತರಿಗಿಂತ ಮುಂಚೆ? ಪೋಸ್ಟ್ ಇಲಾಖೆ ಹಳ್ಳಿ ಮುಟ್ಟೋ ಮೊದಲೇ ಸರ್ಕಾರದ ಹುಕುಂ, ಗೌಡರ ಚೀಟಿ, ಸಾವಿನ ಸುದ್ದಿ ಊರಿಂದ ಊರಿಗೆ ಹೋಗ್ತಿತ್ತು. ಅದನ್ನ ಹೊತ್ತು ನಡೆದವರು ಊರ ಚಾಕರಿಯ ವತನ ಇದ್ದ ಮಹಾರ ಮನೆತನಗಳು. ಬಿಸಿಲು, ಮಳೆ, ರಾತ್ರಿ ಅನ್ನೋ ಹಾಗಿಲ್ಲ. ಪ್ರತಿಫಲ ಅಂದ್ರೆ ತುಂಡು ಇನಾಮು ಭೂಮಿ, ಒಂದಿಷ್ಟು ಆಯದ ಕಾಳು. 1925ರ ಏಪ್ರಿಲ್‌ನಲ್ಲಿ ಡಾ. ಅಂಬೇಡ್ಕರ್ ನಿಪ್ಪಾಣಿಗೆ ಬಂದು ಅಸ್ಪೃಶ್ಯರ ಪರಿಷತ್ತಿನಲ್ಲಿ ಮಾತಾಡಿದ್ರು. ಮೂರು ವರ್ಷದ ನಂತರ, 1928ರಲ್ಲಿ, ಇದೇ ವತನ ಪದ್ಧತಿ ಬದಲಿಸೋಕೆ ಅವರು ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದ್ರು. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದು ಕಾಯ್ದೆ ಬಂದದ್ದು 1961ರಲ್ಲಿ.

ಟಪಾಲಿನ ಇತಿಹಾಸ ಹೇಳುವಾಗ ಗೆಜ್ಜೆ ಕಟ್ಟಿದ ಹರಕಾರನ ಚಿತ್ರ ಎಲ್ಲರೂ ತೋರಿಸ್ತಾರೆ. ಅವನಿಗಿಂತ ಮುಂಚಿನಿಂದ ಕಾಗದ ಹೊತ್ತವರ ಹೆಸರು ಪೋಸ್ಟಿನ ಪುಸ್ತಕದಲ್ಲಿಲ್ಲ. ಅವು ಇರೋದು ಕಂದಾಯದ ವತನ ರಿಜಿಸ್ಟರಿನಲ್ಲಿ. ಮರೆತುಹೋದ ಸಮುದಾಯ ಹುಡುಕ್ತೀವಿ ಅಂತ ಹೊರಟವರು ಆ ರಿಜಿಸ್ಟರ್ ಬಿಟ್ಟು ಬಂದ್ರೆ ಅರ್ಧ ಊರನ್ನೇ ಬಿಟ್ಟು ಬಂದ ಹಾಗೆ.

ಸಿಕ್ಕಾದಲ್ಲಿ ಹೆಸರೇ ಇಲ್ಲ

ಹಳೆ ಲಕೋಟೆ ಸಂಗ್ರಹಿಸೋರಿಗೆ ಒಂದು ವಿಷಯ ಗೊತ್ತಿರ್ತದೆ. ಹೊಸ ಹಳ್ಳಿಯಲ್ಲಿ ಪೋಸ್ಟ್ ಆಫೀಸು ತೆರೆದ್ರೆ ಅದು ಮೊದಲು ಪ್ರಯೋಗಕ್ಕೆ. ಸಾಕಷ್ಟು ಕಾಗದ, ಮನಿಯಾರ್ಡರ್ ಬಂದು ಖರ್ಚು ಗಿಟ್ಟಿದ್ರೆ ಕಾಯಂ, ಇಲ್ಲದಿದ್ರೆ ಬಂದ್. ಇಂಥ ಆಫೀಸಿಗೆ ಕೊಡ್ತಿದ್ದ ಸಿಕ್ಕಾದಲ್ಲಿ ಊರ ಹೆಸರಿನ ಬದಲು "ಎಕ್ಸ್‌ಪೆರಿಮೆಂಟಲ್ ಪಿ.ಓ." ಅಂತ, ಜೊತೆಗೆ ಒಂದು ಅಕ್ಷರ, ಒಂದು ನಂಬರು. ಅಷ್ಟೇ. ಕಾಯಂ ಆದ ಮೇಲೆ ಊರಿಗೆ ತನ್ನ ಹೆಸರಿನ ಸಿಕ್ಕಾ. ಆಗಲಿಲ್ಲ ಅಂದ್ರೆ ಆ ಊರು ಟಪಾಲಿನ ಇತಿಹಾಸದಲ್ಲಿ ಬರೀ ಒಂದು ನಂಬರಾಗಿ ಉಳೀತು.

ಹಳೆಯ ಸ್ಪೆಲ್ಲಿಂಗ್ ಇನ್ನೊಂದು ಬಲೆ. ಗೆಜೆಟಿಯರಿನಲ್ಲಿ ಅಥಣಿ "ಅಥ್ನಿ", ಚಿಕ್ಕೋಡಿ ಒಂದೇ ಕಕಾರದ "ಚಿಕೋಡಿ". 17ನೇ ಶತಮಾನದ ಯುರೋಪಿನವರ ಬರಹದಲ್ಲಿ ಅಥಣಿ "ಅಟ್ಟೆನಿ", "ಅಟ್ಟನಿ" ಅಂತೆಲ್ಲ ಆಗಿದೆ. ಬಿಜಾಪುರದ ದಾರಿಯ ದೊಡ್ಡ ವ್ಯಾಪಾರದ ಪೇಟೆ ಅಂತ ಅದನ್ನ ಬರೆದಿದ್ದಾರೆ. ಚಿಕೋಡಿ ಅನ್ನೋ ಒಂಟಿ ಕಕಾರ ಮಾತ್ರ ಇಂದಿಗೂ ಬಿಟ್ಟಿಲ್ಲ. ಪೋಸ್ಟಲ್ ಡಿವಿಜನ್ ಹೆಸರೂ ಅದೇ, ರೈಲ್ವೆಯ "ಚಿಕೋಡಿ ರೋಡ್" ಸ್ಟೇಷನ್ನೂ ಅದೇ. ಅಂದ ಹಾಗೆ ಆ ಸ್ಟೇಷನ್ನಿನಲ್ಲಿ ಇಳಿದ್ರೆ ಚಿಕ್ಕೋಡಿ ಸಿಗೋದಿಲ್ಲ, ಚಿಕ್ಕೋಡಿಗೆ ಹೋಗೋ ದಾರಿ ಸಿಗ್ತದೆ.

ಹೆಸರುಗಳೂ ಒಮ್ಮೊಮ್ಮೆ ಹಳೆ ಲೆಕ್ಕವನ್ನ ಹೊತ್ತುಕೊಂಡೇ ಇರ್ತವೆ. ಉಗಾರ ಬುದ್ರುಕ್, ಉಗಾರ ಖುರ್ದ ನೋಡ್ರಿ. ಬುದ್ರುಕ್ ಅಂದ್ರೆ ದೊಡ್ಡದು, ಖುರ್ದ ಅಂದ್ರೆ ಸಣ್ಣದು. ರೈಲು ಬಂತು, 1939ರಲ್ಲಿ ಸಕ್ಕರೆ ಕಾರ್ಖಾನೆ ಬಂತು, ಸಣ್ಣದೇ ಪಟ್ಟಣ ಆಗಿ ಬೆಳೀತು. ಹೆಸರು ಮಾತ್ರ ಇವತ್ತಿಗೂ ಖುರ್ದ. ಯಾವುದು ಒಂದು ಕಾಲಕ್ಕೆ ದೊಡ್ಡದಿತ್ತು ಅನ್ನೋದಕ್ಕೆ ಆ ಹೆಸರೇ ದಾಖಲೆ.

1972ರ ಆಗಸ್ಟ್ 15ಕ್ಕೆ ಪಿನ್ ಕೋಡ್ ಬಂತು. ನಮ್ಮ ಭಾಗಕ್ಕೆ 591. ಅಥಣಿ 591304, ಗೋಕಾಕ 307, ಹುಕ್ಕೇರಿ 309, ಮೂಡಲಗಿ 312, ಸಂಕೇಶ್ವರ 313. ಇಂಗ್ಲಿಷ್ ಹಾಜರಿ ಪುಸ್ತಕದ ಹಾಗೆ ಅಕ್ಷರದ ಸಾಲಿನಲ್ಲಿ ನಿಂತಿವೆ. ರಾಯಬಾಗ ಮಾತ್ರ ಸಾಲು ತಪ್ಪಿ 317ರಲ್ಲಿದೆ. ಚಿಕ್ಕೋಡಿ 591201, ನಿಪ್ಪಾಣಿ 591237. ಅಥಣಿ ತಾಲೂಕಿನಲ್ಲೇ ಇದ್ದ ಕಾಗವಾಡದ ನಂಬರು 591223, ಚಿಕ್ಕೋಡಿಯ ಸಾಲಿನದು. ಕಾಗವಾಡ ದಾಟಿ ಮಹಾರಾಷ್ಟ್ರಕ್ಕೆ ಕಾಲಿಟ್ರೆ ನಂಬರು 416 ಅಂತ ಶುರುವಾಗ್ತದೆ. ನೆನಪಿಡ್ರಿ, ಪಿನ್ ಕೋಡ್ ನಿಮ್ಮ ಊರಿನ ನಂಬರಲ್ಲ. ನಿಮ್ಮ ಟಪಾಲು ಬಂದು ಬೀಳೋ ಆಫೀಸಿನ ನಂಬರು. ಹತ್ತಾರು ಹಳ್ಳಿಗೆ ಒಂದೇ ನಂಬರು. ಲಗ್ನಪತ್ರಿಕೆಯ "ಪೋ:" ಹೇಳ್ತಿದ್ದ ವಿಷಯವನ್ನ ಪಿನ್ ಕೋಡ್ ನುಂಗಿಬಿಟ್ಟಿತು.

ಜನ ಇದ್ದೂ ಇಲ್ಲದ ಊರು

ಈಗ ಈ ಸಂಚಿಕೆಯ ನಿಜವಾದ ವಿಷಯ. ಬೇಚರಾಕ್ ಊರಲ್ಲಿ ಒಂದು ನರಪಿಳ್ಳೆ ಇಲ್ಲ, ಆದ್ರೆ ಸರ್ಕಾರದ ಪುಸ್ತಕದಲ್ಲಿ ಹೆಸರಿದೆ. ಅದರ ಉಲ್ಟಾ ಉದಾಹರಣೆ ನಮ್ಮ ಕಣ್ಣ ಮುಂದೆಯೇ ಇದೆ: ತೋಟ.

ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಬಾವಿ, ಕಬ್ಬು, ಏತ ನೀರಾವರಿ ಬಂದ ಹಾಗೆ ಜನ ಊರು ಬಿಟ್ಟು ತಮ್ಮ ಹೊಲದಲ್ಲೇ ಮನೆ ಕಟ್ಟಿಕೊಂಡ್ರು. ಅಣ್ಣತಮ್ಮಂದಿರು ಬೇರೆಯಾದ್ರು, ಒಂದು ಮನೆ ಹತ್ತಾಯ್ತು, ಹತ್ತು ಐವತ್ತಾಯ್ತು. ಮನೆತನದ ಅಡ್ಡಹೆಸರೇ ಆ ವಸ್ತಿಯ ಹೆಸರಾಯ್ತು, ಇಂಥವರ ತೋಟ ಅಂತ. ಸರ್ಕಾರಿ ಶಾಲೆಯ ಬೋರ್ಡಿನ ಮೇಲೂ ತೋಟದ ಹೆಸರು ಬಂತು. ಆದ್ರೆ ಜನಗಣತಿಯ ಪಟ್ಟಿಯಲ್ಲಿ ಅದು ಬೇರೆ ಊರಲ್ಲ, ಮೂಲ ಗ್ರಾಮದ ಒಳಗೇ ಲೆಕ್ಕ. ಅವರ ವಿಳಾಸ ಬರೆಯೋಕೆ ಇವತ್ತಿಗೂ ಒಂದು ಪ್ಯಾರಾ ಬೇಕು. ಕೊರಿಯರ್ ಹುಡುಗ ಫೋನ್ ಮಾಡಿ "ರೀ, ಎಲ್ಲಿ ಬರ್ಬೇಕ್ರೀ?" ಅಂತ ಕೇಳೋದು ಇದಕ್ಕೇ.

ಹೆಸರಿಲ್ಲದೆ ಇರೋದು ಬರೀ ಪಾರ್ಸೆಲ್ ತೊಂದರೆ ಅಲ್ಲ. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ರು. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾ ಮತ್ತು ಅಂಥ ವಸತಿಗಳು ಅಷ್ಟು ವರ್ಷ "ದಾಖಲೆ ರಹಿತ ಜನವಸತಿ" ಆಗಿದ್ವು. ಅಲ್ಲೇ ಹುಟ್ಟಿ ಬೆಳೆದ್ರೂ ಮನೆಗೆ ಪತ್ರ ಇಲ್ಲ, ಪತ್ರ ಇಲ್ಲದ್ದಕ್ಕೆ ಸಾಲ ಇಲ್ಲ. ಕಂದಾಯ ಗ್ರಾಮ ಅಂತ ಘೋಷಣೆ ಆದ ಮೇಲೆ ಅವು ಪುಸ್ತಕದಲ್ಲಿ ಊರಾದ್ವು.

ನಮ್ಮ ಕಡೆ ಇದು ಹೊಳೆ ಬಂದಾಗ ಗೊತ್ತಾಗ್ತದೆ. 2005, 2019, 2021ರಲ್ಲಿ ಕೃಷ್ಣೆ ಉಕ್ಕಿತು. 2019ರ ಆಗಸ್ಟ್‌ನಲ್ಲಿ ಮಾಂಜರಿ, ಇಂಗಳಿ, ಯಡೂರು, ಜುಗೂಳ, ಮಂಗಾವತಿ ಅಂಥ ಊರುಗಳಿಗೆ ನೀರು ನುಗ್ಗಿತು. ಪರಿಹಾರದ ಅರ್ಜಿ ಅಂದ ಕೂಡಲೇ ಮೊದಲ ಪ್ರಶ್ನೆ: ಮನೆ ಇತ್ತು ಅನ್ನೋದಕ್ಕೆ ದಾಖಲೆ ಏನು? ಮನೆಯ ಜೊತೆ ಕಾಗದವೂ ತೋಯ್ದುಹೋದವರು ಏನು ತೋರಿಸಬೇಕು? ಊರು ಎತ್ತರಕ್ಕೆ ಸ್ಥಳಾಂತರ ಆದ್ರೆ ಹಳೆ ಗಾಂವಠಾಣ ನಿಧಾನಕ್ಕೆ ಇನ್ನೊಂದು ಬೇಚರಾಕ್ ಆಗ್ತದೆ. ಇವತ್ತು ಬರೆದಿಟ್ಟುಕೊಳ್ಳದಿದ್ರೆ ಮುಂದೊಬ್ಬರು ಅದನ್ನೂ ಪ್ಲೇಗಿಗೆ ಹೋಯ್ತು ಅಂತ ಹೇಳ್ತಾರೆ.

ನಿಮ್ಮ ಮೊಬೈಲಿನಲ್ಲೇ ಶುರು ಮಾಡ್ರಿ

ಇದಕ್ಕೆ ಪಿಎಚ್.ಡಿ ಬೇಡ. ಗೆಜೆಟಿಯರ್ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗ್ತವೆ. 1951ರ ಬೆಳಗಾವಿ ಜಿಲ್ಲಾ ಜನಗಣತಿ ಕೈಪಿಡಿ ಮುಂಬಯಿ ರಾಜ್ಯದ್ದು, 1961ರದ್ದು ಮೈಸೂರು ರಾಜ್ಯದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ನಿಮ್ಮ ತಾಲೂಕಿನ ಊರುಗಳನ್ನ ಒಂದು ಎಕ್ಸೆಲ್ ಶೀಟಿನಲ್ಲಿ ಹಾಕ್ರಿ. ಯಾವ ಸಾಲು ತಾಳೆ ಆಗೋದಿಲ್ಲವೋ ಅಲ್ಲೊಂದು ಕಥೆ ಇದೆ.

ಸರ್ವೆ ಆಫ್ ಇಂಡಿಯಾದ ನಕಾಶೆ ನೋಡ್ರಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಕಾಗವಾಡ ನಾಲ್ಕೂ 47 ಎಲ್ ಹಾಳೆಯಲ್ಲಿವೆ. ಅಥಣಿ 75ನೇ ರೇಖಾಂಶದ ಸ್ವಲ್ಪ ಆಚೆ, ಅದಕ್ಕೆ 47 ಪಿ. ಈ ನಕಾಶೆಗಳಲ್ಲಿ ಪಾಳುಬಿದ್ದ ಊರಿಗೇ ಒಂದು ಗುರುತಿದೆ, ಪೋಸ್ಟ್ ಆಫೀಸಿಗೆ ಪಿ.ಓ. ಅಂತ ಅಕ್ಷರ ಇದೆ. ಅದಾದ ಮೇಲೆ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಂತ್ರೆ ನೀವು ಯಾವ ಗ್ರಾಮದ ಸೀಮೆಯಲ್ಲಿದ್ದೀರಿ, ಸರ್ವೆ ನಂಬರ್ ಏನು ಅಂತ ತೋರಿಸ್ತದೆ. ನಿಮ್ಮ ಊರ ಹೆಸರಲ್ಲದ ಬೇರೆ ಹೆಸರು ಬಂದ್ರೆ ಬೆಚ್ಚಬೇಡ್ರಿ. ಹಾಳೂರಿನ ಮಣ್ಣಿನ ಮೇಲೆ ನಿಂತಿರಬಹುದು.

ಕಾಗದದ ಆಚೆಗೂ ದಾಖಲೆ ಇದೆ. ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಓದ್ತಿದ್ದದ್ದು ಅಜ್ಜನವರಿಗೆ ನೆನಪಿರ್ತದೆ. ನಿಮ್ಮ ಮನೆತನ ಎಲ್ಲಿಂದ ಬಂತು, ಯಾವ ಊರು ಬಿಟ್ಟು ಬಂತು ಅಂತ ಅವರ ಹೊತ್ತಿಗೆಯಲ್ಲಿ ಇರ್ತದೆ. ಅವರು ತಾವು ನಡೆದುಕೊಳ್ಳೋ ಮನೆತನಗಳಿಗೆ ಮಾತ್ರ ಹೋಗೋರು, ಹಾಗಾಗಿ ಅದೂ ಪೂರ್ತಿ ಊರಲ್ಲ. ಆದ್ರೂ ಅವರು ಬಂದಾಗ ಕಾಳು ಕೊಟ್ಟು ಕಳಿಸೋದರ ಜೊತೆ, ಅವರ ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ರಿ.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ 23,344 ಪೋಸ್ಟ್ ಆಫೀಸು ಇದ್ವು. ಈಗ 1.6 ಲಕ್ಷಕ್ಕೂ ಹೆಚ್ಚು, ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಅನ್ನೋ ಹೆಸರು ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯ್ತು. ಹೆಸರುಗಳು ಹೋಗೋದು ಹೀಗೇ, ಯಾರೂ ಗಮನಿಸದೆ. ದೀಪಾವಳಿಗೆ ಮನೆ ಸಾರಿಸುವಾಗ ಹಳೆ ಕಾಗದದ ಗಂಟು ಹೊರಗೆ ಬರ್ತದೆ, ಅರ್ಧ ಒಲೆಗೆ ಹೋಗ್ತದೆ. ಈ ಸಲ ಹೋಗೋ ಮುಂಚೆ ಪ್ರತಿ ಕಾರ್ಡಿನ ಸಿಕ್ಕಾ, ತಾರೀಖು, ವಿಳಾಸದ ಸಾಲು ಮೂರರದ್ದೂ ಫೋಟೋ ತೆಗೀರಿ. ಒಳಗಿನ ಮನೆ ವಿಷಯ ನಿಮ್ಮ ಹತ್ತಿರವೇ ಇರಲಿ. ಮೇಲಿನ ಊರ ಹೆಸರು ಮಾತ್ರ ಊರಿನವರೆಲ್ಲರ ಆಸ್ತಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನಿ.